ದೇವರಿಲ್ಲದ ಬಾಡಿಗೆದಾರ

ಮೊನ್ನೆ ಸೊಸೆ ಈರುಳ್ಳಿ ಬುಟ್ಟಿಯನ್ನು ದೇವರ ಗೂಡಿನ ಕೆಳಗೆ ಇಟ್ಟಿದ್ದಳು. ಊದಿನಕಡ್ಡಿಯ ಹೊಗೆಗೂ ಈರುಳ್ಳಿಯ ಘಾಟಿಗೂ ಅಲ್ಲಿ ರಾಜಿಯಾಗಿ ಮೂರನೆಯದೇ ಒಂದು ವಾಸನೆ ಹುಟ್ಟಿತ್ತು. ಬೈಯಲೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಆ ವಾಸನೆಯ ಪರಿಚಯ ನನಗೆ ಹಳೆಯದು.

ಅರವತ್ತರ ದಶಕದ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಗೆ ನಾನು ಹೊಸ ಸೊಸೆಯಾಗಿ ಬಂದಿದ್ದೆ. ಮಾವ ಹತ್ತಿಯ ವ್ಯಾಪಾರಿ. ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ. ಪೂಜೆಯಾಯಿತೆಂದು ಇಡೀ ಓಣಿಗೆ ಕೇಳಿಸದೆ ಬಿಡುವವರೂ ಅಲ್ಲ. ಅತ್ತೆ ಗೌರಮ್ಮನವರಿಗೆ ಭಕ್ತಿ ಅವರಿಗಿಂತ ಹೆಚ್ಚು, ಸದ್ದು ಕಡಿಮೆ. ನನ್ನದೋ, ಹಸಿವಿನ ಭಕ್ತಿ. ಪೂಜೆ ಬೇಗ ಮುಗಿದರೆ ತಿಂಡಿ ಬೇಗ ಸಿಗುತ್ತಿತ್ತು.

ಮಹಡಿಯ ಮನೆಗೆ ಸದಾಶಿವಪ್ಪ ಎಂಬವರು ಹೆಂಡತಿ ಶಾಂತಕ್ಕನೊಂದಿಗೆ ಬಾಡಿಗೆಗೆ ಬಂದರು. ಬಟ್ಟೆ ಮಿಲ್ಲಿನಲ್ಲಿ ಮೇಲ್ವಿಚಾರಕರು. ಹೆಸರಿನಲ್ಲಿ ಶಿವನಿದ್ದ, ಹಣೆಯ ಮೇಲೆ ವಿಭೂತಿ ಇರಲಿಲ್ಲ. ಮಿಲ್ಲಿನ ಬೆವರಿಗೆ ಅಳಿಸಿರಬೇಕೆಂದು ಮಾವ ಸಮಾಧಾನ ಮಾಡಿಕೊಂಡಿದ್ದರು. ಆ ಸಮಾಧಾನ ಉಳಿದದ್ದು, ಸಂಡಿಗೆ ಒಣಗಿಸಲು ಮೇಲೆ ಹೋದ ಅತ್ತೆ ತೆರೆದ ಬಾಗಿಲಿನಿಂದ ಮೇಲಿನ ಮನೆಯ ದೇವರ ಕೋಣೆಯನ್ನು ನೋಡುವವರೆಗೆ. ಕೋಣೆಯ ತುಂಬ ಈರುಳ್ಳಿ!

ಮಾವ ಕೂಡಲೇ ಸದಾಶಿವಪ್ಪನವರನ್ನು ಪಡಸಾಲೆಗೆ ಕರೆಸಿದರು.

"ಏನ್ರಿ ಇದು, ದೇವರ ಕೋಣ್ಯಾಗೆ ಉಳ್ಳಾಗಡ್ಡಿ?"

"ಅಲ್ಲಿ ಗಾಳಿ ಚಲೋ ಆಡ್ತೈತ್ರಿ. ಕೊಳೆಯಂಗಿಲ್ಲ."

"ಮತ್ತೆ ದೇವರು?"

"ನಮಗಿಲ್ರಿ," ಎಂದರು, ಮನೆಯಲ್ಲಿ ರೇಡಿಯೋ ಇಲ್ಲ ಅನ್ನುವ ಹಾಗೆ. ಕೊರಳಿನ ಲಿಂಗವನ್ನೂ ಎಂದೋ ಬಿಚ್ಚಿಟ್ಟಿದ್ದರಂತೆ.

ಸುದ್ದಿ ಓಣಿಗೆ ಹಬ್ಬಿತು. ಇಂಥವನನ್ನು ಇಟ್ಟುಕೊಂಡ ಮನೆಗೆ ಅಯ್ಯನವರು, ಅಂದರೆ ಪಾದಪೂಜೆಗೆ ಬರುವ ಜಂಗಮರು, ಕಾಲಿಡುವುದಿಲ್ಲವೆಂದು ಹಿರಿಯರು ಬಂದು ಹೇಳಿಹೋದರು. ನನ್ನ ನಾದಿನಿಯ ನಿಶ್ಚಿತಾರ್ಥ ಹತ್ತಿರದಲ್ಲಿತ್ತು. ಮಾವ ಗಾಬರಿಯಾಗಿ ಮನೆ ಖಾಲಿ ಮಾಡಲು ಹೇಳಿಯೇಬಿಟ್ಟರು.

ಸದಾಶಿವಪ್ಪ ದನಿ ಏರಿಸಲಿಲ್ಲ. "ಗಾದಿ ಹೊಲಿಯೋ ಸಾಬರಿಗೆ ನೀವೇ ಅಂಗಡಿ ಬಾಡಿಗೆ ಕೊಟ್ಟೀರಿ. ಅವರ ದೇವರಿಗೆ ನೀವೇನು ಕೈ ಮುಗಿತೀರಾ?"

"ಅವರಿಗೆ ಅವರದೊಂದು ದೇವರು ಅಂತ ಐತಲ್ರೀ!"

"ಹಂಗಾದ್ರೆ ಯಾವ ದೇವರನ್ನ ಬೇಕಾದ್ರೂ ನಂಬಬಹುದು, ಯಾವುದನ್ನೂ ನಂಬದಂಗೆ ಮಾತ್ರ ಇರಬಾರದು. ಇದ್ಯಾವ ನ್ಯಾಯರೀ?"

ಮಾವ ಕೋಪದಿಂದ ಹೆಗಲ ಮೇಲಿನ ವಸ್ತ್ರ ಕೊಡವಿದರು. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ.

"ನಾವು ಬಾಡಿಗೆ ಕೊಟ್ಟಿದ್ದು ಮನೇನ, ದೇವರನ್ನಲ್ಲ," ಎಂದರು ಅತ್ತೆ. "ಅವರು ಕೇಳೋದ್ರಾಗೆ ತಪ್ಪೇನೈತೆ?"

"ಅಯ್ಯನೋರು ಬರದಿದ್ರೆ ಹೆಂಗೆ?"

"ಹೋಳಿಗೆ ನಮಗೇ ಉಳಿತಾವೆ."

ಅಯ್ಯನವರು ಬಂದರು ಅನ್ನಿ. ಅತ್ತೆಯ ಹೋಳಿಗೆ ಬಿಡುವಷ್ಟು ವೈರಾಗ್ಯ ಅವರಿಗಿನ್ನೂ ಬಂದಿರಲಿಲ್ಲ. ನಿಶ್ಚಿತಾರ್ಥವೂ ನಡೆಯಿತು. ಸದಾಶಿವಪ್ಪ ಗೆದ್ದವರ ಹಾಗೆ ಮಹಡಿ ಹತ್ತುತ್ತಾ ಇಳಿಯುತ್ತಾ ಇದ್ದರು.

ಶಾಂತಕ್ಕ ಮಾತ್ರ ಸೋಮವಾರ ಬಂತೆಂದರೆ ಬಟ್ಟಲು ಹಿಡಿದು ಸಕ್ಕರೆ ಕೇಳಲು ಇಳಿದು ಬರುತ್ತಿದ್ದರು. ಇಷ್ಟು ಸಕ್ಕರೆ ಏನು ಮಾಡುತ್ತಾರಪ್ಪಾ ಎಂದುಕೊಳ್ಳುತ್ತಿದ್ದ ನಾನು ದಡ್ಡಿ. ಬಟ್ಟಲನ್ನು ಹೊಸ್ತಿಲಲ್ಲಿಟ್ಟು ನಮ್ಮ ದೇವರ ಕೋಣೆಗೆ ಹೋಗಿ, ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೂತು, ಆಮೇಲೆ ಸೆರಗಿನಿಂದ ಹಣೆ ಒರೆಸಿಕೊಂಡು ಮೇಲೆ ಹೋಗುತ್ತಿದ್ದರು. ತವರಿನಿಂದ ತಂದ ದೇವರ ಪಟವನ್ನು ಗಂಡ ಎತ್ತಿ ಒಗೆದಿದ್ದರಂತೆ.

ಒಂದು ಸೋಮವಾರ ಮಿಲ್ಲಿನ ಪಾಳಿ ಬದಲಾಗಿ ಸದಾಶಿವಪ್ಪ ಬೇಗ ಬಂದವರು ಹೆಂಡತಿಯನ್ನು ನಮ್ಮ ದೇವರ ಕೋಣೆಯಲ್ಲೇ ಕಂಡರು.

"ಶಾಂತಾ, ಮೇಲೆ ನಡಿ. ನನ್ನ ಮನ್ಯಾಗೆ ಈ ಮೌಢ್ಯ ಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು?"

ಶಾಂತಕ್ಕನ ಕೈ ತಾನಾಗಿಯೇ ಹಣೆಗೆ ಹೋಯಿತು. ಅತ್ತೆ ಆ ಕೈ ಹಿಡಿದುಕೊಂಡರು.

"ಒರೆಸ್ಕೋಬ್ಯಾಡ. ಏನ್ರಿ ಸದಾಶಿವಪ್ಪಾರೇ, ನಿಮಗೆ ದೇವರನ್ನ ಬಿಡೋ ಹಕ್ಕೈತೆ ಅಂತ ನಾನು ಕಟ್ಕೊಂಡ ಗಂಡನಿಗೇ ಎದುರು ನಿಂತೆ. ಈಕೆಗೆ ಹಿಡ್ಕೊಳ್ಳೋ ಹಕ್ಕಿಲ್ಲಾ? ನಿಮ್ಮ ಸ್ವಾತಂತ್ರ್ಯ ಏನು ಗಂಡಸರ ಅಂಗಿನಾ, ಹೆಂಗಸರ ಮೈಗೆ ಹೊಂದಂಗಿಲ್ಲ ಅನ್ನಾಕೆ?"

ಜೀವಮಾನದಲ್ಲಿ ಮೊದಲ ಬಾರಿಗೆ ಮಾವನಿಗೂ ಸದಾಶಿವಪ್ಪನವರಿಗೂ ಒಂದೇ ಮುಖ ಬಂತು. ಇಬ್ಬರೂ ನೆಲ ನೋಡುತ್ತಿದ್ದರು. ಸದಾಶಿವಪ್ಪ ಒಬ್ಬರೇ ಮೇಲೆ ಹೋದರು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅವರೇ ಕೆಳಗೆ ಬಂದು, "ಶಾಂತಾಗೆ ಹರಿಹರದಾಗೆ ಏನೋ ಹರಕೆ ಐತಂತ್ರಿ, ನೀವೂ ಬರ್ರಿ," ಎಂದರು.

ರೈಲಿನಲ್ಲಿ ಹೋದೆವು. ಹರಿಹರದ ದೇವರು ಅರ್ಧ ಹರಿ, ಅರ್ಧ ಹರ. "ಇಬ್ಬರು ದೇವರೇ ಒಂದು ಮೈಯಾಗೆ ಹೊಂದ್ಕೊಂಡಾರೆ, ಗಂಡ ಹೆಂಡ್ತಿ ಒಂದು ಮನ್ಯಾಗೆ ಇರಾಕೆ ಏನು ಧಾಡಿ!" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಸದಾಶಿವಪ್ಪ ಗುಡಿಯ ಹೊರಗೆ ಮರದ ನೆರಳು ಹಿಡಿದು ಮಂಡಕ್ಕಿಯ ಪೊಟ್ಟಣ ಬಿಚ್ಚಿ ಕೂತರು.

ಒಳಗೆ ಪೂಜಾರಿ ಕೇಳಿದರು: "ಯಜಮಾನ್ರು ಎಲ್ಲಿ? ಜೋಡಿಯಾಗಿ ಬಂದ್ರೆ ಪೂರ್ತಿ ಫಲ." ಇದನ್ನೇ ಕಾಯುತ್ತಿದ್ದವರಂತೆ ಮಾವ ಎಳೆದು ತರಲು ಹೊರಟರು. ಎಂದೂ ಗಟ್ಟಿಯಾಗಿ ಮಾತಾಡದ ಶಾಂತಕ್ಕ ಅಡ್ಡ ನಿಂತರು.

"ಬ್ಯಾಡ್ರಿ. ಅವರಿಗೆ ಒಲ್ಲದು. ನನಗೆ ಅರ್ಧ ಫಲಾನೇ ಸಾಕು."

ಹೊರಗೆ ಬಂದಾಗ ಸದಾಶಿವಪ್ಪ ಹೆಂಡತಿಯ ಮುಖ ನೋಡದೆ ಕೇಳಿದರು: "ನನಗೆ ಬುದ್ಧಿ ಕೊಡು ಅಂತ ಬೇಡ್ಕೊಂಡ್ಯಾ?"

"ಇಲ್ರಿ. ನಿಮ್ಮ ಹೆಸರೇ ಎತ್ತಲಿಲ್ಲ."

ಅವರು ಜೋರಾಗಿ ನಕ್ಕು ಪಕ್ಕಕ್ಕೆ ಸರಿದು ಕೂತು, ಉಳಿದ ಮಂಡಕ್ಕಿಯನ್ನು ಮುಂದೆ ಹಿಡಿದರು. ವಿಭೂತಿ ಹಚ್ಚಿದ ಹಣೆಯಲ್ಲೇ ಶಾಂತಕ್ಕ ಅದನ್ನು ತಿಂದರು.

ಈಗ ಅವರಾರೂ ಇಲ್ಲ. ನಾನು ಈಗಲೂ ಹರಿಹರಕ್ಕೆ ಹೋಗುತ್ತೇನೆ. ಮನಸ್ಸಾದರೆ ಒಳಗೆ ಹೋಗಿ ಕೈ ಮುಗಿಯುತ್ತೇನೆ, ಇಲ್ಲದಿದ್ದರೆ ಗುಡಿಯ ಪಕ್ಕದ ಹೊಳೆ ನೋಡುತ್ತಾ ಹೊರಗೇ ಕೂರುತ್ತೇನೆ. ಒಳಗೇಕೆ ಬರಲಿಲ್ಲ ಎಂದು ಜೊತೆಗೆ ಬಂದವರು ಕೇಳುತ್ತಾರೆ. ಒಳಗೇಕೆ ಹೋದೆ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.