ಬೇರಿನ ಹತ್ತು ಹನಿ

ಮೊದಲು ಊದಿದ್ದು ತುಟಿ.

ನನ್ನ ಹೆಂಡತಿ ಶಾಂತಾಳ ಕಂಕುಳಲ್ಲಿ ಕುರು ಎದ್ದು ನಾಲ್ಕು ದಿನವಾಗಿತ್ತು. ನಾನು ಮನಗೂಳಿಯಲ್ಲಿ ಶಾಲೆಯ ಮಾಸ್ತರ. ಪುಸ್ತಕ ಓದಿ ಕಲಿತ ಹೋಮಿಯೋಪತಿಯನ್ನು ಊರವರಿಗೆ ಪುಕ್ಕಟೆ ಹಂಚುತ್ತಿದ್ದೆ. ಕೈಗುಣ ಒಳ್ಳೆಯದೆಂದು ಜನ ಹೇಳಿ ಹೇಳಿ ನನ್ನನ್ನು ಕೆಡಿಸಿದ್ದರು. ಕುರುವಿಗೆ ನನ್ನ ಪೆಟ್ಟಿಗೆಯಲ್ಲಿದ್ದದ್ದು ಎಕಿನೇಶಿಯಾ. ಅಮೆರಿಕದ ಒಂದು ನೇರಳೆ ಹೂವಿನ ಗಿಡದ ಬೇರನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ತೆಗೆದ ಮದರ್ ಟಿಂಕ್ಚರ್. ಅರ್ಧ ಲೋಟ ನೀರಿಗೆ ಹತ್ತು ಹನಿ.

ಪುಸ್ತಕದಲ್ಲಿ ಆ ಹೂವಿನ ಚಿತ್ರ ನೋಡಿ ಶಾಂತಾ ಲೋಟ ಕೆಳಗಿಟ್ಟಳು.

"ಇದು ಸೇವಂತಿ ಜಾತೀದು ಕಾಣತೈತ್ರಿ. ಹೊಲದಾಗ ಕಾಂಗ್ರೆಸ್ ಕಸ ಕಿತ್ತಾಗಿಂದ ಸೇವಂತಿ ಮುಡಿದ್ರೂ ನನಗ ಮೈ ತುರಸ್ತೈತಿ."

"ಹೂವಿಗೂ ಬೇರಿಗೂ ಏನ ಸಂಬಂಧ? ಸುಮ್ನ ಕುಡಿ," ಎಂದೆ.

ಕುಡಿದಳು.

ಅರ್ಧ ತಾಸು ಕಳೆದಿರಲಿಲ್ಲ, ತುಟಿ ಊದಿತು. ಕುತ್ತಿಗೆಯ ತುಂಬ ದದ್ದು. ನಾನು ಹೆದರಲಿಲ್ಲ, ಹಿಗ್ಗಿದೆ. ಬೇನೆ ಮೊದಲು ಉಲ್ಬಣಿಸಿದರೆ ಔಷಧ ಹಿಡಿಯಿತೆಂದೇ ತಿಳಿಯಬೇಕು ಎಂಬುದು ನಮ್ಮಂಥ ಪೆಟ್ಟಿಗೆ ವೈದ್ಯರು ಕಣ್ಣುಮುಚ್ಚಿ ನಂಬುವ ಮಾತು. "ಇದು ಗುಣಾ ಆಗೂ ಲಕ್ಷಣ," ಎಂದು ಧೈರ್ಯ ಹೇಳಿ ಇನ್ನೂ ಹತ್ತು ಹನಿ ಕುಡಿಸಿದೆ.

ಆಮೇಲೆ ಅವಳ ದನಿ ನಿಂತಿತು.

ಉಸಿರು ಎಳೆದಾಗಲೆಲ್ಲ ಗಂಟಲಿನಿಂದ ಸಿಳ್ಳಿನಂಥ ಸದ್ದು. ಶೇಂಗಾ ಚೀಲ ಹೇರಿಕೊಂಡು ಹೊರಟಿದ್ದ ಲಾರಿಯನ್ನು ಅಡ್ಡಗಟ್ಟಿ, ಅವಳನ್ನು ಹತ್ತಿಸಿಕೊಂಡು ಬಾಗೇವಾಡಿಯ ದವಾಖಾನೆಗೆ ಹೊರಟೆ. ದಾರಿಯ ಎರಡೂ ಬದಿಗೆ ಅದೇ ಕಾಂಗ್ರೆಸ್ ಕಸ, ಬೆಳ್ಳಗೆ ಹೂ ಬಿಟ್ಟು ನಿಂತಿತ್ತು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಬಿಡಿಸಿಕೊಂಡು ಬಾಗಿಲಿನ ಕಬ್ಬಿಣ ಹಿಡಿದಳು.

ಡಾಕ್ಟರು ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿದರು. ಸಿಳ್ಳು ಕಡಿಮೆಯಾಗುವವರೆಗೂ ನನ್ನ ಕಡೆ ನೋಡಲಿಲ್ಲ.

"ಏನ ಕೊಟ್ರಿ?"

ಹೇಳಿದೆ. ಯಾವ ಗಿಡದ ಬೇರೆಂದೂ ಹೇಳಿದೆ. ಕಸದ ತುರಿಕೆಯ ಮಾತನ್ನೂ ಬಚ್ಚಿಡಲಿಲ್ಲ.

"ಅಲರ್ಜಿ ಇದ್ದಂಗೈತಿ, ಮಾಸ್ತರ. ಕಸಾ ಮುಟ್ಟಿ ಮೈ ತುರಸೋರಿಗೆ ಅದರ ಕುಲದ ಸೇವಂತಿ, ನಿಮ್ಮ ಔಷಧದ ಗಿಡಾನೂ ಒಗ್ಗಲಿಕ್ಕಿಲ್ಲ. ಬೇರು ಅಂದ್ರ ಏನ ಬ್ಯಾರೆ ಗಿಡಾ? ಇನ್ನೊಮ್ಮೆ ಹೊಟ್ಟಿಗೆ ಹೋದ್ರ ಇಲ್ಲಿಗೆ ಮುಟ್ಟತಾರಂತ ಹೇಳಾಕ ಬರೂದಿಲ್ಲ."

ಅವಳು ಇದನ್ನೇ ಹೇಳಿದ್ದಳು. ನನಗೆ ಕೇಳಿಸಿತ್ತು ಕೂಡ. ಹೆಂಡತಿಯ ಮಾತೆಂದು ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೆ.

ಕುರುವನ್ನು ಅಲ್ಲಿಯೇ ಕೊಯ್ದು ತೆಗೆದರು. ಮೂರನೆಯ ದಿನ ಮನೆಗೆ ಬಂದೆವು. ಆಕೆ ಉಳಿದಳು, ಅದು ನನ್ನ ಪುಣ್ಯ. ನನ್ನ ಓದಿನ ಫಲವಲ್ಲ.

ನಿನ್ನೆ ಇಂಗಳೇಶ್ವರದಿಂದ ಒಬ್ಬ ಹೆಣ್ಣುಮಗಳು ಕುರುವಿನ ಔಷಧ ಕೇಳಿಕೊಂಡು ಬಂದಳು. ರೂಢಿಯಂತೆ ನನ್ನ ಕೈ ಪೆಟ್ಟಿಗೆಗೆ ಹೋಯಿತು. ಒಳಗಿನಿಂದ ಶಾಂತಾಳ ದನಿ ಬಂತು, ಇನ್ನೂ ಒಡಕು ದನಿ.

"ತಂಗಿ, ಸೇವಂತಿ ಮುಡಿದ್ರ ನಿನಗ ಮೈ ತುರಸ್ತೈತೇನು?"

"ಹೌದ್ರಿ ಅಕ್ಕಾರ. ನಿಮಗ ಹ್ಯಾಂಗ ಗೊತ್ತಾತ್ರಿ?"

ಆಗಲೇ ನಾನು ಎಕಿನೇಶಿಯಾ ಬಾಟಲಿಯ ಮುಚ್ಚಳ ತೆಗೆದಿದ್ದೆ. ತಿರುಗಿ ಮುಚ್ಚಿ, ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿಕೈಯನ್ನು ಒಳಗೆ ಒಯ್ದು ಶಾಂತಾಳ ಕೈಗೆ ಕೊಟ್ಟೆ.