ದಾಕಿನ ಜ್ವರಕ್ಕೆ ಒಂಬತ್ತು ತಂಬಿಟ್ಟು

ಇದನ್ನು ನಂಬಬೇಡಿ, ನೋಡೋಣ. ಎಷ್ಟು ಹೊತ್ತು ನಂಬದೆ ಕೂರುತ್ತೀರೋ ನಾನೂ ನೋಡುತ್ತೇನೆ. ಮತ್ತಿಗಿರಿಯಿಂದ ತಳಿಯ ತನಕ ನನ್ನಷ್ಟು ಚೆನ್ನಾಗಿ ಸುಳ್ಳು ಹೇಳುವವನು ಆ ಕಾಲಕ್ಕೆ ಇನ್ನೊಬ್ಬ ಇರಲಿಲ್ಲ. ಯುದ್ಧದ ಕಾಲದಲ್ಲಿ ಹೊಸೂರಿನ ಪುಟ್ಟ ರೈಲು ನಿಂತುಹೋಗಿತ್ತಲ್ಲ, ಆಮೇಲೆ ಒಂದು ದಿನ “ರೈಲು ವಾಪಸ್ ಬಂದದೆ, ಇವತ್ತೊಂದಿನ ಟಿಕೀಟಿಲ್ಲ” ಅಂತ ಹೇಳಿ ನನ್ನ ಸ್ವಂತ ಮಾವನನ್ನು ಹೊಸೂರಿನವರೆಗೆ ನಡೆಸಿದವನು ನಾನು. ಪಾಪ, ಬುತ್ತಿ ಬೇರೆ ಕಟ್ಟಿಕೊಂಡು ಹೋಗಿದ್ದರು. ಅಂಥ ನಾನು ಒಂದು ಸಲ ಮನೆಮಂದಿಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕಾಗಿ ಬಂತು.

ಆ ವರ್ಷ ಕೃಷ್ಣಗಿರಿ ಕಡೆಯಿಂದ ದಾಕು ಹಾಕುವವರೊಬ್ಬರು ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದರು. ಸಿಡುಬು ಬರದಿರಲಿ ಅಂತ ಮಕ್ಕಳ ತೋಳಿಗೆ ಮದ್ದು ಚುಚ್ಚುವ ಕೆಲಸ ಅವರದು. ಗಾಜಿನ ಸಣ್ಣ ನಳಿಗೆಯಿಂದ ಒಂದು ತೊಟ್ಟು ಮದ್ದು ಸವರಿ, ಅದರ ಮೇಲೆ ಹಲ್ಲುಹಲ್ಲಿನ ಬಿಲ್ಲೆಯೊಂದನ್ನಿಟ್ಟು ಗರ್ರನೆ ತಿರುಗಿಸುತ್ತಿದ್ದರು. ಸೈಕಲ್ ಗಂಟೆ ಕೇಳಿದ್ದೇ ತಡ, ಊರಿನ ಹೆಂಗಸರು ಮಕ್ಕಳನ್ನು ಹುಲ್ಲಿನ ಮೆದೆಯ ಹಿಂದೆ, ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಅಡಗಿಸಿಟ್ಟರು.

ನಾನು ಅಡಗಿಸಲಿಲ್ಲ. ನನ್ನ ಮುಖ ನೋಡಿದವರಿಗೆ ಯಾಕೆಂದು ಗೊತ್ತು. ಕಾಳು ಚೆಲ್ಲಿ ಕೋಳಿ ಬಿಟ್ಟ ಅಂಗಳದ ಹಾಗಿದೆ. ಚಿಕ್ಕಂದಿನಲ್ಲಿ ನನಗೂ ನನ್ನ ತಂಗಿಗೂ ಒಟ್ಟಿಗೇ ಸಿಡುಬು ಬಂದಿತ್ತು, ಇಬ್ಬರನ್ನೂ ಒಂದೇ ಚಾಪೆಯಲ್ಲಿ ಮಲಗಿಸಿದ್ದರು. ನಾನು ಎದ್ದೆ. ಅವಳು ಏಳಲಿಲ್ಲ.

ನನಗಾಗ ನಾಲ್ಕು ವರ್ಷದ ಮಗಳು, ಆರು ತಿಂಗಳ ಮಗ. ಇಬ್ಬರಿಗೂ ಹಾಕಿಸಿಬಿಡೋಣ ಅಂದೆ. ಹೆಂಡತಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಮೊದ್ಲು ದೊಡ್ಡವಳ್ಗೆ ಹಾಕ್ಸಿ. ಆವಯ್ಯ ಎಂಟನೇ ದಿನ ನೋಡಾಕ್ ಬತ್ತಾರಂತಲ್ಲ, ಅಷ್ಟೊತ್ಗೆ ಇವ್ಳು ನೆಟ್ಟಗಿದ್ರೆ ಕೂಸ್ನ ಕೊಡ್ತೀನಿ. ಇಲ್ದಿದ್ರೆ ನೀವು ತಲೆಕೆಳಗಾಗಿ ನಿಂತ್ರೂ ಕೊಡಾಕಿಲ್ಲ.”

ತಳಿ ಕಡೆಯ ಹಳ್ಳಿಯೊಂದರಲ್ಲಿ ಆಗಲೇ ಸಿಡುಬು ಕಾಣಿಸಿಕೊಂಡಿತ್ತು. ಈ ಸಲ ತಪ್ಪಿದರೆ ಆ ಸೈಕಲ್ಲು ಮತ್ತೆ ಬರುವುದು ಮುಂದಿನ ವರ್ಷ. ನಾನು ಒಪ್ಪಿದೆ. ಮಗಳ ಕಿರುಚಾಟಕ್ಕೆ ವಾಡೆಯೊಳಗಿದ್ದ ಮಕ್ಕಳೂ ಅತ್ತವು. ದಾಕಿನವರು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ, “ಜ್ವರ ಬರುತ್ತೆ, ಎರಡು ದಿನದಲ್ಲಿ ಪೋಯಿಡುಂ, ಪರವಾಯಿಲ್ಲೆ” ಅಂತ ಹೇಳಿ ಸೈಕಲ್ ಹತ್ತಿದರು.

ಐದನೇ ದಿನ ಮಗಳಿಗೆ ಜ್ವರ ಬಂತು. ನಮ್ಮವ್ವ ಹಣೆ ಮುಟ್ಟಿ ನೋಡಿ ಕೈ ಮುಗಿದಳು.

“ಇದು ಸೂಜಿ ಜ್ವರ ಅಲ್ಲ ಕಣ್ಲಾ. ಮಾರಮ್ಮ ಬಂದವ್ಳೆ.”

“ಮಾರಮ್ಮ ಅಲ್ಲ ಕಣವ್ವ, ಆವಯ್ಯ ಹೇಳಿದ್ ಜ್ವರಾನೇ ಇದು.”

“ಬಾಯ್ ಮುಚ್ಲಾ! ಆವಯ್ಯನ ಸೂಜಿ ಹಿಡ್ಕಂಡೇ ಬಂದವ್ಳೆ.”

ನಮ್ಮ ಕಡೆ ಜ್ವರ ಸೂಜಿಯಿಂದ ಬಂದರೂ ದೇವರದೇ. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ತಲೆ ಬಾಚುವಂತಿಲ್ಲ, ನಾನು ಗಡ್ಡ ಕೆರೆಸುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಮಗುವನ್ನು ಗದರುವಂತಿಲ್ಲ. ಒಳಗಿರುವುದು ಮಾರಮ್ಮ. ಕೇಳಿದ್ದನ್ನು ಕೊಡಬೇಕು, ಹೇಳಿದ್ದನ್ನು ಮಾಡಬೇಕು.

ನನ್ನ ಮಗಳು ನನ್ನ ಮಗಳೇ. ಅರ್ಧ ದಿನದಲ್ಲಿ ಅವಳಿಗೆ ಎಲ್ಲ ಅರ್ಥವಾಗಿಹೋಯಿತು.

“ಅಪ್ಪ, ಎತ್ತಾಗು.”

ಎತ್ತಾದೆ.

“ಕೂಗು.”

ಅಂಬಾ ಅಂದೆ. ಅವ್ವ ಪಕ್ಕದಲ್ಲಿ ಕೈ ಮುಗಿದು, “ಇನ್ನೊಂದ್ಸಲ ಕೂಗ್ಲಾ, ತಾಯಿ ನಗ್ತಾವ್ಳೆ” ಅಂದಳು. ಸುತ್ತ ಹತ್ತು ಹಳ್ಳಿಯನ್ನು ಆಟ ಆಡಿಸಿದವನು ಮೊಣಕಾಲು ಸವೆಯುವಷ್ಟು ಅಂಬೆಗಾಲಿಟ್ಟೆ.

ಅದನ್ನಾದರೂ ತಡೆದುಕೊಂಡೆ. ತಡೆಯಲಾಗದ್ದು ಊಟ. ಮುದ್ದೆ ಜೊತೆಗೆ ಬೇಳೆ ಬೆಂದ ನೀರು, ಸಾಸಿವೆಯ ವಾಸನೆಯೂ ಇಲ್ಲ. ಮೂರು ಹೊತ್ತು ತಿಂದೆ. ಆರನೇ ದಿನ ಬೆಳಿಗ್ಗೆ ಮಗಳ ಕಿವಿಗೆ ಬಾಯಿಟ್ಟು, “ತಂಬಿಟ್ಟು ಬೇಕು ಅನ್ನವ್ವ. ದೊಡ್ಡ ದೊಡ್ಡವು ಬೇಕು ಅನ್ನು” ಎಂದೆ. ಅಪ್ಪನಿಗೂ ಒಂದೆರಡು ಕೊಡ್ತಾಳೆ ಅಂತ ನನ್ನ ಲೆಕ್ಕ.

“ಅಜ್ಜೀ, ತಂಬಿಟ್ಟು ಬೇಕು,” ಅಂದಳು ಮಗಳು. ಆಮೇಲೆ ತಾನಾಗಿಯೇ ಸೇರಿಸಿದಳು: “ನಂಗಲ್ಲ. ಮಾರಮ್ಮಂಗೆ.”

ಅವ್ವ ಅಕ್ಕಿ ಹಿಟ್ಟು, ಹುರಿಗಡಲೆ, ಬೆಲ್ಲ ಕಲಸಿ ಮುಷ್ಟಿಗಾತ್ರದ ಒಂಬತ್ತು ತಂಬಿಟ್ಟು ಕಟ್ಟಿ, ತಟ್ಟೆಯಲ್ಲಿಟ್ಟು ಚಾಪೆಯ ಪಕ್ಕ ಇಟ್ಟಳು. ಬೇರೆಯವರು ಮುಟ್ಟಬಾರದು ಅಂತ ನನ್ನನ್ನೇ ದುರುಗುಟ್ಟಿ ನೋಡಿ, ಮಗಳಿಗೆ ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸಲು ನನ್ನನ್ನು ಕೂರಿಸಿ ಬಾವಿಗೆ ಹೋದಳು. ಬರುವಷ್ಟರಲ್ಲಿ ತಟ್ಟೆ ಖಾಲಿ. ಒಂಬತ್ತನ್ನೂ ಮಗಳು ನುಂಗಿದ್ದಳು, ಒಂದೇ ಒಂದನ್ನೂ ನನಗೆ ಬಿಡಲಿಲ್ಲ.

ಮಧ್ಯಾಹ್ನಕ್ಕೆ ವಾಂತಿ ಶುರುವಾಯಿತು. ಮೊದಲು ಚಾಪೆಗೆ, ಆಮೇಲೆ ನನ್ನ ಪಂಚೆಗೆ, ಕೊನೆಗೆ ಅವ್ವನ ಸೆರಗಿಗೆ. ಮಗು ಬಾಡಿಹೋಗಿ ನನ್ನ ತೊಡೆಯ ಮೇಲೆ ಒರಗಿತು. ಮೈ ಸುಡುತ್ತಿತ್ತು. ಜ್ವರ ಬರುತ್ತದೆ ಅಂತ ಆವಯ್ಯ ಹೇಳಿದ್ದರು, ವಾಂತಿಯ ಮಾತೇ ಎತ್ತಿರಲಿಲ್ಲ. ಅವತ್ತು ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

“ಸೂಜಿ ಮದ್ದು ಹೊಟ್ಟೆಗಿಳೀತು,” ಅಂದಳು ಹೆಂಡತಿ. “ಕೂಸ್ನ ಮಾತ್ರ ಮುಟ್ಬೇಡಿ.”

ಏಳನೇ ದಿನ ಜ್ವರ ಇಳಿಯಿತು. ಎಂಟನೇ ದಿನ ಮಗಳು ಎದ್ದು ಕೂತು ಮಜ್ಜಿಗೆ ಅನ್ನ ತಿಂದಳು, ನನ್ನನ್ನು ಇನ್ನೊಂದು ಸಲ ಎತ್ತು ಮಾಡಿದಳು. ಹೆಂಡತಿ ಮಾತ್ರ ಕರಗಲಿಲ್ಲ. “ವಾಂತಿ ಮಾಡಿದ್ ಮಾಡಿದ್ದೇ. ಇಷ್ಟು ದೊಡ್ಡವಳ್ನೇ ಹಂಗ್ ಮಾಡ್ತು, ಕೂಸು ತಡೀತದಾ?” ಅಷ್ಟರಲ್ಲಿ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿತು. ಅವಳು ಕೂಸನ್ನೆತ್ತಿಕೊಂಡು ಹಿತ್ತಿಲ ಬಾಗಿಲಿಗೆ ನಡೆದಳು.

ನಾನು ಅಡ್ಡ ನಿಂತೆ. “ವಾಂತಿ ಸೂಜಿಗಲ್ಲ ಕಣೇ. ತಂಬಿಟ್ಟಿಗೆ. ಕೇಳು ಅಂತ ನಾನೇ ಹೇಳ್ಕೊಟ್ಟೆ, ಒಂಬತ್ತೂ ತಿಂದ್ಬುಟ್ಳು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೂಂ. ನಮ್ಮಪ್ಪಂಗೆ ರೈಲು ವಾಪಸ್ ಬಂತಲ್ಲ, ಹಂಗೇನಾ?”

ಸುಳ್ಳು ಹೇಳಿ ಹೇಳಿ ನಾನು ಕಟ್ಟಿಕೊಂಡ ಹೆಸರು ಅವತ್ತು ನನ್ನ ಕುತ್ತಿಗೆಗೇ ಬಂತು. ಅಷ್ಟರಲ್ಲಿ ಚಾಪೆಯಿಂದ ಮಾರಮ್ಮ ಬಾಯಿ ಬಿಟ್ಟಳು.

“ಅಪ್ಪನೇ ಹೇಳಿದ್ದು. ಕಿವಿಯಾಗೆ.”

ಅವ್ವ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಎಷ್ಟು ತಿಂದೆ ತಾಯಿ?”

ಮಗಳು ಎರಡೂ ಕೈಯ ಹತ್ತೂ ಬೆರಳನ್ನು ಅಗಲಿಸಿ ತೋರಿಸಿದಳು.

“ಮಾರಮ್ಮನ ಬಾಯಾಗೆ ಸುಳ್ಳು ಹೇಳ್ಸಿದ್ಯೇನ್ಲಾ, ಮುಂಡೇದೇ!” ಅಂತ ಅವ್ವ ಬಾಗಿಲ ಬೇವಿನ ಕೊಂಬೆ ಕಿತ್ತು ಬಾರಿಸತೊಡಗಿದಳು. ಸೊಪ್ಪೆಲ್ಲ ಉದುರಿ ಬರೀ ಕಡ್ಡಿ ಉಳಿಯುವ ತನಕ ಬಾರಿಸಿದಳು. ದಾಕಿನವರು ಸೈಕಲ್ ಹಿಡಿದುಕೊಂಡು, ಇದು ನೋಡುವಂಥದ್ದೋ ಅಲ್ಲವೋ ತಿಳಿಯದೆ, ಬಾಗಿಲಲ್ಲಿ ನಿಂತಿದ್ದರು.

ಹೆಂಡತಿ ನಗು ತಡೆಯಲಾರದೆ ಈ ಕಡೆ ತಿರುಗಿ, ಕೂಸಿನ ತೋಳನ್ನು ಸೆರಗಿನಿಂದ ಹೊರಗೆ ತೆಗೆದಳು.

“ಹಾಕಿ ಸ್ವಾಮಿ. ಹಂಗೇ ಇವ್ರ ನಾಲ್ಗೆಗೂ ಒಂದು ಹಾಕ್ಬುಡಿ.”

ಕೂಸಿಗೂ ಜ್ವರ ಬಂತು, ಹೋಯಿತು. ಅವ್ವ ಮತ್ತೆ ಬೇವು ಕಟ್ಟಿದಳು, ತಂಬಿಟ್ಟು ಮಾತ್ರ ಕಟ್ಟಲಿಲ್ಲ. ಆ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ, ತೋಳಿನ ಮೇಲೆ ದಾಕಿನ ಗುರುತು ಇನ್ನೂ ಇದೆ. ಮುಖ ನುಣ್ಣಗಿದೆ. ನನ್ನ ಹಾಗಿಲ್ಲ.

ಸರಿ, ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ಮಗಳು ಒಂಬತ್ತು ತಿಂದಳು ಅಂದೆನಲ್ಲ, ಅದು. ಅವಳು ತಿಂದದ್ದು ಮೂರು. ಉಳಿದ ಆರು ಗಾಳಿ ಬೀಸುತ್ತಾ ಬೀಸುತ್ತಾ ನನ್ನ ಹೊಟ್ಟೆ ಸೇರಿದ್ದವು. ಮೂರು ಅಂದಿದ್ದರೆ ಹೆಂಡತಿ ಕೂಸನ್ನು ಕೊಡುತ್ತಿರಲಿಲ್ಲ. ಮಗಳಿಗೂ ಆಗ ಎರಡರ ಮೇಲೆ ಎಣಿಸಲು ಬರುತ್ತಿರಲಿಲ್ಲ, ನನ್ನ ಪುಣ್ಯ. ವಾಂತಿಯಾದದ್ದು ಆ ಮೂರಕ್ಕೋ, ದಾಕಿನ ಜ್ವರಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.