ಹಾಯಿದೋಣಿಯನ್ನು ತಟ್ಟಿದವರು ಯಾರು?

ಕಾರಣ ಹೇಳಲಾಗದ ಸಂಗತಿಗಳನ್ನು ಯಾರಾದರೂ ವರ್ಣಿಸತೊಡಗಿದರೆ ನಾನು ನಗುತ್ತಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನ ಜಂಬ ಅದು. ದೆವ್ವ ಪಿಶಾಚಿಗಳನ್ನು ಈಗಲೂ ನಂಬುವುದಿಲ್ಲ. ಆದರೂ ನನ್ನ ಅನುಭವಕ್ಕೆ ಬಂದದ್ದನ್ನು ಮುಚ್ಚಿಡಲಾರೆ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ನಮ್ಮ ನೆರೆಮನೆಯ ದೇಸಾಯರು ಮುಂಬಯಿ ಬಂದರಿನ ನೌಕರಿಯಿಂದ ನಿವೃತ್ತರಾಗಿ ಬರುವಾಗ ಮನೆಸಾಮಾನಿನ ಜೊತೆ ಒಂದು ಹಾಯಿದೋಣಿಯನ್ನೂ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಹದಿನಾರು ಅಡಿ ಉದ್ದ, ಪೂರಾ ಪ್ಲೈವುಡ್ಡಿನದು. ಕೆಲಗೇರಿ ಕೆರೆಯಲ್ಲಿ ಅದು ಹಾಯಿ ಬಿಚ್ಚಿದರೆ ದಂಡೆಯಲ್ಲಿ ಬಟ್ಟೆ ಒಗೆಯುವವರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ದೇಸಾಯರಿಗೆ ಮೊಣಕಾಲುನೋವು ಹತ್ತಿತು. ದೋಣಿ ಮೂರು ಮಳೆಗಾಲ ಹಿತ್ತಲಿನ ತಗಡಿನ ಚಪ್ಪರದಡಿ ಬಿದ್ದುಕೊಂಡಿತು.

ಅವರ ಮಗಳು ವತ್ಸಲಾ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ತನ್ನ ನಾಲ್ವರು ವಿದ್ಯಾರ್ಥಿನಿಯರಿಗೆ ಹಾಯಿ ನಡೆಸುವುದನ್ನು ಕಲಿಸಿಯೇ ತೀರುತ್ತೇನೆಂದು ಅವಳು ಹಟ ಹಿಡಿದಾಗ ದೋಣಿಯ ರಿಪೇರಿ ಶುರುವಾಯಿತು. ಬಡಿಗತನದ ಹುಚ್ಚಿದ್ದ ನಾನೂ ಕೈಜೋಡಿಸಿದೆ.

ಕೆಲಸದ ಯಜಮಾನರು ಮೌನೇಶಪ್ಪ. ಹುಬ್ಬಳ್ಳಿಯಲ್ಲಿ ರೈಲುಡಬ್ಬಿಗಳ ಕಟ್ಟಿಗೆ ಕೆಲಸ ಮಾಡಿ ಪಳಗಿದ ಬಡಿಗರು. ಕೊಡತಿಯಿಂದ ಹಲಗೆಯನ್ನು ಗೇಣುಗೇಣಿಗೂ ತಟ್ಟಿ ಕಿವಿಗೊಡುತ್ತಿದ್ದರು.

"ಗಟ್ಟಿ ಕಟ್ಟಿಗಿ ಟಣ್ ಅಂತೈತಿ ಸರ. ಲಡ್ಡಾಗಿದ್ದು ದಬ್ ಅಂತೈತಿ."

ದಬ್ ಅಂದಲ್ಲೆಲ್ಲ ಕೊಳೆತದ್ದನ್ನು ಉಳಿಯಿಂದ ಕೆತ್ತಿ ತೆಗೆದು, ಹೊಸ ತುಂಡು ಕೂಡಿಸಿ ಅಂಟಿಸಿದೆವು. ಬಣ್ಣವೂ ಆಯಿತು. ರವಿವಾರ ನೀರಿಗಿಳಿಸುವುದೆಂದು ಗೊತ್ತಾಯಿತು.

ಶನಿವಾರ ಮಧ್ಯಾಹ್ನ ಬಣ್ಣ ಒಣಗಿದೆಯೋ ನೋಡಲು ನಾನೊಬ್ಬನೇ ಹೋದೆ. ಮೌನೇಶಪ್ಪ ಹುಬ್ಬಳ್ಳಿಯಲ್ಲಿದ್ದರು. ದೇಸಾಯರ ಮನೆಯವರು ಉಂಡು ಮಲಗಿದ್ದರು. ಸುಡುಬಿಸಿಲು. ದೋಣಿಗೆ ಬೆನ್ನು ಮಾಡಿ ನಿಂತಿದ್ದಾಗ ಕೇಳಿತು: ಟಣ್, ಟಣ್, ದಬ್.

ತಿರುಗಿದೆ. ಯಾರೂ ಇಲ್ಲ. ಸುತ್ತು ಹಾಕಿ ಬಂದೆ. ಮತ್ತೆ ಟಣ್, ಟಣ್, ದಬ್. ಸದ್ದು ದೋಣಿಯ ಮೂತಿಯಿಂದ ಬರುತ್ತಿತ್ತು. ಮಗುಚಿದರೂ ಮುಳುಗದಿರಲೆಂದು ಅಲ್ಲಿ ಗಾಳಿ ತುಂಬಿದ, ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯೊಂದಿತ್ತು. ಹಲಗೆಯ ಮೇಲೆ ಅಂಗೈ ಇಟ್ಟೆ. ಮೂರನೆಯ ಸಲ ಒಳಗಿನಿಂದ ತಟ್ಟಿದ ಪೆಟ್ಟು ನನ್ನ ಅಂಗೈಗೇ ತಾಗಿತು.

ಓಡಿಹೋಗದೆ ಏಕೆ ನಿಂತೆನೋ ತಿಳಿಯದು. ದಬ್ ಅಂದ ಜಾಗ ಸರಿಯಾಗಿ ದೋಣಿಗೆ ಆಸರೆ ಕೊಟ್ಟಿದ್ದ ದಿಮ್ಮಿಯ ಮೇಲಿತ್ತು. ನಾವು ಅಲ್ಲಿ ತಟ್ಟಿ ನೋಡಿಯೇ ಇರಲಿಲ್ಲ. ದಿಮ್ಮಿಯ ಸಂದಿಯಲ್ಲಿ ದಬ್ಬಣ ತೂರಿಸಿ ಹಲಗೆಗೆ ಚುಚ್ಚಿದೆ. ಹಿಡಿಯವರೆಗೂ ಸಲೀಸಾಗಿ ಇಳಿಯಿತು.

ದೇಸಾಯರನ್ನು ಎಬ್ಬಿಸಿದೆ. ದಿಮ್ಮಿ ಸರಿಸಿ ಕೆತ್ತಿದಾಗ ಪ್ಲೈವುಡ್ಡು ತೊಯ್ದ ಪುಸ್ತಕದಂತೆ ಪದರುಪದರಾಗಿ ಕಿತ್ತು ಬಂತು. ಪೆಟ್ಟಿಗೆಯೊಳಗೆ ಇಣುಕಿದೆ. ಖಾಲಿ.

"ನಾಳೆ ಹುಡುಗ್ಯಾರು ಕೂಡತಿದ್ರಲ್ಲಪಾ ಇದರಾಗ!" ಎಂದರು ದೇಸಾಯರು. ಸದ್ದಿನ ವಿಷಯ ನಾನು ಬಾಯಿಬಿಡಲಿಲ್ಲ. ದಬ್ಬಣ ಚುಚ್ಚಿ ನೋಡಿದೆ ಎಂದಷ್ಟೇ ಹೇಳಿದೆ.

ಹದಿನೈದು ದಿನಗಳ ನಂತರ ದೋಣಿ ಕೆರೆಗಿಳಿಯಿತು. ಹುಡುಗಿಯರ ಕೇಕೆ ದಂಡೆಯವರೆಗೂ ಕೇಳುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮೌನೇಶಪ್ಪ ದನಿ ತಗ್ಗಿಸಿದರು.

"ಸರ, ಖರೇ ಹೇಳ್ರಿ. ಅಲ್ಲೇ ಯಾಕ ಚುಚ್ಚಿದ್ರಿ?"

ಹೇಳಿದೆ.

"ಅದರ ಹಿಂದಿನ ಗುರುವಾರ ಅದ ಜಾಗಾದಾಗ ನನಗೂ ಕೇಳಿಸಿತ್ತರಿ. ವಯಸ್ಸಾತು, ಕಿವಿ ಕೆಟ್ಟಾವು ಅಂತ ಸುಮ್ಮನಾಗಿಬಿಟ್ಟೆ." ಅವರ ಕಣ್ಣು ತುಂಬಿ ಬಂದಿತ್ತು.

ಬಿಸಿಲಿಗೆ ಕಟ್ಟಿಗೆ ಸದ್ದು ಮಾಡುತ್ತದೆ, ತಗಡೂ ಸಿಡಿಯುತ್ತದೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ವಿವರಿಸಿದ್ದೇನೋ. ಆದರೆ ಇಬ್ಬರಿಗೂ, ಬೇರೆ ಬೇರೆ ದಿನ, ಅದೇ ಜಾಗದಲ್ಲಿ? ನನಗೆ ಗೊತ್ತಿಲ್ಲ. ಓದುಗರಿಗೆ ಹೊಳೆದರೆ ತಿಳಿಸಲಿ.